ಮೆಂತ್ಯೆಯ ಭಂಡಾರ

ಭಾರತ ಹುಣ್ಣಿಮೆಗೆ ಇನ್ನೂ ಹತ್ತು-ಹನ್ನೆರಡು ದಿನ ಇತ್ತು. ಹೊರಡುತ್ತೇನೆ ಎಂದು ಹೇಳಿ ಬಾಗಿಲಲ್ಲೇ ನಿಂತು ಮಾತಾಡುವ ಬೀಗರ ಹಾಗೆ ಬೆಳಗಾವಿಯ ಚಳಿ ಇನ್ನೂ ಅಂಗಳ ಬಿಟ್ಟಿರಲಿಲ್ಲ. ಸೋಮವಾರ, ಸಂಜೆಯ ಚಹಾದ ಹೊತ್ತು. ಮಹಾಂತೇಶ ನಗರದ ನಮ್ಮ ಓಣಿಯಲ್ಲಿ ಶಾಲೆಯ ಆಟೋ ಬಂದು ನಿಂತಿತು. ಅದರಿಂದ ಒಂದನೇ ಇಯತ್ತೆಯ ಪೂರ್ಣಿಮಾ ಇಳಿದು, ಗೇಟು ತೆಗೆಯುವ ಮೊದಲೇ ಅಜ್ಜನಿಗೆ ಶಾಲೆಯ ವಾರ್ಷಿಕೋತ್ಸವದ ಸುದ್ದಿ ಹೇಳಿದಳು.

"ಅಜ್ಜಾ, ಗ್ಯಾದರಿಂಗದಾಗ ನಾ ಡಾನ್ಸಿನ್ಯಾಗ ಅದೇನಿ. ಮುಂದಿನ ವಾರ, ಗುರುವಾರ. ಟೀಚರ್ ಎಲ್ಲಾರಿಗೂ ಎರಡ ಹೆರಳ, ಕೆಂಪ ರಿಬ್ಬನ್ ಅಂದಾರ."

ಅಜ್ಜ ಗುರುಪುತ್ರಪ್ಪ ಅವಳ ತಲೆಯನ್ನು ನೋಡಿದ. ಅಲ್ಲಿ ಎರಡು ಹೆರಳಿರಲಿಲ್ಲ. ಸಣ್ಣ ಸಣ್ಣವು ಬೇಕಾದಷ್ಟಿದ್ದವು.

"ಎರಡ ಅಲ್ಲವಾ," ಅಂದ, "ಮಂಡಿ ಮುಟ್ಟೂವಂಥಾ ಎರಡ ಹಾಕ್ತೇನಿ. ಕೂದಲದ್ದೇನ ದೊಡ್ಡ ಮಾತು."

ಆಗ ನಾನು ಅವರ ಕಟ್ಟೆಯ ಮೇಲೇ ಇದ್ದೆ. ಚಹಾದ ಬಸಿ ಕೆಳಗಿಟ್ಟೆ.

ಗುರುಪುತ್ರಪ್ಪನೂ ನಾನೂ ಖಾನಾಪುರದ ಕಡೆಯ ಬೀಡಿ ಎಂಬ ಊರಿನವರು. ಅವನದು ಕಿರಾಣಿ ಅಂಗಡಿ, ನಮ್ಮದು ಕುರಿ. ಈಗ ಇಬ್ಬರ ಮಕ್ಕಳೂ ಪಗಾರದವರಾದ್ದರಿಂದ ನಾವಿಬ್ಬರೂ ಇಲ್ಲಿ ಗೋಡೆಗೆ ಗೋಡೆ ಹಚ್ಚಿಕೊಂಡು ಇದ್ದೇವೆ. ಅಂಗಡಿ ಮುಚ್ಚಿ ಎಷ್ಟೋ ವರ್ಷವಾದರೂ ನಾನು ಅವನನ್ನು ಸಾವಕಾರ ಎಂದೇ ಕರೆಯುವುದು. ಅವನು ನನ್ನನ್ನು ಸಾತಪ್ಪಾ ಎನ್ನುತ್ತಾನೆ. ಅಂಗಡಿಯಲ್ಲಿ ಜನ್ಮವಿಡೀ ಎಣ್ಣೆ ಅಳೆದು ಕೊಟ್ಟದ್ದರಿಂದ ಅವನಿಗೆ ಒಂದು ನಂಬಿಕೆ ಬಂದಿತ್ತು. ಎಣ್ಣೆಯನ್ನು ಬಲ್ಲವನು ತಲೆಯನ್ನೂ ಬಲ್ಲ ಎಂಬುದು ಆ ನಂಬಿಕೆ. ಅವನ ಸ್ವಂತ ತಲೆ ಮೂವತ್ತು ತುಂಬುವ ಮೊದಲೇ ಬೋಳಾಗಿತ್ತು. ಊರಲ್ಲಿ ಯಾರೂ ಇದನ್ನು ಅವನೆದುರು ಆಡುತ್ತಿರಲಿಲ್ಲ. ಸಕ್ಕರೆ ಸಿಗದ ಕಾಲದಲ್ಲಿ ಸಕ್ಕರೆ ಇದ್ದದ್ದು ಅವನೊಬ್ಬನ ಹತ್ತಿರ.

ಪೂರ್ಣಿಮಾಳ ತಾಯಿ ಕಾಂತಾ ಗುಂಜಿ ಊರಿನಾಚೆ ಕಾಡಂಚಿನ ಸಿದ್ದಿಯರ ಮಗಳು. ಅವರ ಹಿರಿಯರು ಆಫ್ರಿಕಾದಿಂದ ಹಡಗಿನಲ್ಲಿ ಬಂದವರು. ಬಂದು ಎಷ್ಟು ತಲೆಮಾರು ಕಳೆದವೆಂದರೆ, ಈಗ ಅವರ ಮನೆಯಲ್ಲಿ ಮರಾಠಿಯಲ್ಲಿ ಬೈದು ಕನ್ನಡದಲ್ಲಿ ನಗುತ್ತಾರೆ. ಕಾಂತಾ ಓಟದಲ್ಲಿ ಗೆದ್ದು ಗೆದ್ದು ಬೆಳಗಾವಿಯ ರೈಲ್ವೆ ಸ್ಟೇಶನ್ನಿನಲ್ಲಿ ಟಿಕೆಟು ಕೊಡುವ ನೌಕರಿ ಹಿಡಿದವಳು. ಗುರುಪುತ್ರಪ್ಪನ ಮಗ ಪ್ರಸಾದನೂ ಓಟದವನೇ, ಆದರೆ ಯಾವಾಗಲೂ ಅವಳ ಹಿಂದೆ. ಹಾಗೆ ಹಿಂದೆ ಓಡುತ್ತಲೇ ಮದುವೆಯಾದ. ಈಗ ಬೀಡಿಯ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ಮದುವೆಯಾದಾಗ ಎರಡೂ ಮನೆಯವರು ಮುಖ ತಿರುಗಿಸಿ ಕೂತಿದ್ದರು. ಪೂರ್ಣಿಮಾ ಹುಟ್ಟಿದ ಮೇಲೆ ಮುಖಗಳೆಲ್ಲ ತಾವಾಗಿಯೇ ಅವಳ ಕಡೆ ತಿರುಗಿದವು. ಅಲ್ಲಿ ಒಂದನ್ನೊಂದು ಕಂಡವು, ನಕ್ಕವು.

ಹುಡುಗಿಯ ಕೂದಲು ತಾಯಿಯ ಕೂದಲಷ್ಟು ಬಿಗಿಯಲ್ಲ, ತಂದೆಯ ಕೂದಲಿನ ಹಾಗೆ ಇಳಿಬೀಳುವುದೂ ಅಲ್ಲ. ಒಂದೊಂದು ಎಳೆಯೂ ಕಿರುಬೆರಳಿಗೆ ಸುತ್ತಿ ಬಿಟ್ಟ ಹಾಗೆ ಸುರುಳಿ ಸುರುಳಿ. ಎರಡು ಮನೆತನಗಳು ಮದುವೆಯಲ್ಲಿ ಮಾಡಿಕೊಳ್ಳದ ರಾಜಿಯನ್ನು ಆ ತಲೆ ಮಾಡಿಕೊಂಡಿತ್ತು. ಪ್ರತಿ ರವಿವಾರ ಕಾಂತಾ ಮಗಳನ್ನು ಮೊಣಕಾಲುಗಳ ನಡುವೆ ಕೂರಿಸಿಕೊಂಡು, ಕೂದಲು ತೋಯಿಸಿ, ಕೊಬ್ಬರಿ ಎಣ್ಣೆ ಹಚ್ಚಿ, ತುದಿಯಿಂದ ಮೇಲಕ್ಕೆ ಬೆರಳಲ್ಲೇ ಬಿಡಿಸಿ, ಸಣ್ಣ ಹೆರಳುಗಳನ್ನು ಹಾಕುತ್ತಿದ್ದಳು. ಅದು ವಾರವಿಡೀ ಹಾಗೇ ಇರುತ್ತಿತ್ತು. ಆದರೆ ಆ ರವಿವಾರ ಹೆರಳು ಹಾಕಿದವಳೇ ರೈಲ್ವೆಯ ಟ್ರೇನಿಂಗಿಗೆ ಹುಬ್ಬಳ್ಳಿಗೆ ಹೋಗಿದ್ದಳು. ತಿರುಗಿ ಬರುವುದು ಗ್ಯಾದರಿಂಗ್ ಮುಗಿದ ಮೇಲೆ. ಹೋಗುವಾಗ ಮಾವನಿಗೆ ಹೇಳಿದ್ದಳು.

"ಮಾವಾರ, ಹೆರಳ ಬಿಚ್ಚಬ್ಯಾಡ್ರಿ. ಒಣಾ ಕೂದಲಕ್ಕ ಹಣಿಗಿ ಹಚ್ಚಬ್ಯಾಡ್ರಿ. ಮ್ಯಾಲ ಥೋಡೆ ಕೊಬ್ಬರಿ ಎಣ್ಣಿ ಸವರ್ರಿ, ಸಾಕು."

"ಎಣ್ಣಿ ಹಚ್ಚೂದು ನಂಗ ಕಲಸ್ತೀಯೇನವಾ," ಎಂದು ಗುರುಪುತ್ರಪ್ಪ ನಕ್ಕಿದ್ದ.

ಮಂಗಳವಾರ ನನ್ನನ್ನೂ ಎಳೆದುಕೊಂಡು ಪೇಟೆಯ ಗಣಪತಿ ಗಲ್ಲಿಗೆ ಹೊರಟ. ದಾರಿಯಲ್ಲಿ ನಾನು ಒಂದೇ ಮಾತು ಹೇಳಿದೆ.

"ಸಾವಕಾರ, ಕಾಂತವ್ವ ಬ್ಯಾಡ ಅಂದಾಳ."

"ಆಕಿ ಓಡೂದರಾಗ ಶಾಣ್ಯಾಕಿ, ಸಾತಪ್ಪಾ. ಕೂದಲದ ಶಾಸ್ತ್ರಾ ಬ್ಯಾರೆ."

ಶೃಂಗಾರ ಸಾಮಾನಿನ ಅಂಗಡಿ ಲಕ್ಷ್ಮಣ ಎಂಬುವವನದು. ಹಿಂದೆ ಗೋಡೆಯ ತುಂಬ ಬಾಟಲಿ. ಗುರುಪುತ್ರಪ್ಪ ಸಗಟು ವ್ಯಾಪಾರಿಯ ಗತ್ತಿನಲ್ಲಿ ಕೈ ಹಿಂದೆ ಕಟ್ಟಿ ನಿಂತ.

"ಶಾಂಪೂ ಬೇಕು."

"ಯಾವ ಥರಾ ಕೂದಲಕ್ಕ, ಕಾಕಾ? ಜಿಡ್ಡಿಂದೋ, ಒಣಾವೋ, ನಾರ್ಮಲ್ಲೋ?"

"ಗುಂಜಿ ಕಡೆದು."

ಲಕ್ಷ್ಮಣ ಗೋಡೆಯ ಕಡೆ ತಿರುಗಿ ಒಂದೊಂದೇ ಬಾಟಲಿ ನೋಡಿದ. ಪ್ರಾಮಾಣಿಕವಾಗಿಯೇ ಹುಡುಕಿದ.

"ಆ ಥರದ್ದು ಕಂಪನಿಯಾವ್ರು ಇನ್ನಾ ತಗದಿಲ್ರಿ."

"ಪೂರಾ ಗುಂಜಿ ಅಲ್ಲಪಾ. ಅರ್ಧಾ ಗುಂಜಿ, ಅರ್ಧಾ ಬೀಡಿ."

"ಹಂಗಾರ ನಾರ್ಮಲ್ ಒಯ್ರಿ."

ಗುರುಪುತ್ರಪ್ಪನಿಗೆ ಈ ಉತ್ತರ ಹಗುರ ಅನ್ನಿಸಿತು. ತಾನೇ ಆರಿಸುತ್ತೇನೆ ಎಂದು ಬಾಟಲಿಗಳ ಮೇಲಿನ ಚಿತ್ರ ನೋಡತೊಡಗಿದ. ಒಂದರ ಮೇಲೆ ಒಬ್ಬ ಹೆಂಗಸು ಬೆನ್ನು ತೋರಿಸಿ ನಿಂತಿದ್ದಳು. ಅವಳ ಕೂದಲು ಮಳೆಗಾಲದ ಗೋಕಾಕದ ಹಾಗೆ ಮೇಲಿನಿಂದ ಕೆಳಕ್ಕೆ ಒಂದೇ ಸಮ ಧುಮುಕುತ್ತಿತ್ತು.

"ಈ ಹೆಣ್ಣಮಗಳು ಮೊದಲ ಹೆಂಗಿದ್ಲು?"

"ಮೊದಲಿಂದನೂ ಹಂಗ ಇರಬೇಕ್ರಿ."

"ಹಂಗಾರ ಇದರಾಗ ಶಾಂಪೂಂದೇನ ಕೆಲಸಾ ಆತು?" ಎಂದು ಕೇಳಿದ. ಅವನು ಅಂದು ಕೇಳಿದ ಬುದ್ಧಿವಂತ ಪ್ರಶ್ನೆ ಅದೊಂದೇ. ಕೇಳಿದವನೇ ಆ ಬಾಟಲಿಯನ್ನೇ ತೆಗೆದುಕೊಂಡ.

ಲಕ್ಷ್ಮಣ ಮತ್ತೊಂದು ಬಾಟಲಿ ಮುಂದಿಟ್ಟ. "ಇದು ಕಂಡೀಷನರ್. ಸುರುಳಿ ಕೂದಲಾ ಅಂದ್ರ ಇದು ಬೇಕ ಬೇಕು. ತೊಳದ ಮ್ಯಾಲ ಹಚ್ಚಬೇಕು. ಮೆತ್ತಗ ಆಗ್ತಾವು, ಗಂಟ ಬೀಳೂದಿಲ್ಲ."

"ತೊಳದ ಮ್ಯಾಲ ಮತ್ತ ಹಚ್ಚೂದು? ಅರಿವಿ ಒಗದು ಮತ್ತ ಕೆಸರಾಗ ಅದ್ದತೀರೇನ ನಿಮ್ಮ ಮನಿಯಾಗ? ನಾನೂ ಅಂಗಡಿ ಇಟ್ಟಾಂವಪಾ. ಒಂದ ಮಾರಾಕ ಎರಡ ತೋರಿಸೂದು ನಂಗ ಗೊತ್ತೈತಿ."

"ಬ್ಯಾಡಾದ್ರ ತತ್ತಿ ಒಡದ ಹಚ್ರಿ. ಅದೂ ಚಲೋ."

"ಲಿಂಗಾ ಕಟ್ಟಿದ ಮನಿಯಾಗ ತತ್ತಿ?" ಗುರುಪುತ್ರಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ನಮ್ಮಲ್ಲಿ ಮೆಂತೆ ಐತಿ."

ಹೀಗೆ ಮೆಂತ್ಯೆ ಈ ಕಥೆಯೊಳಗೆ ಬಂತು.

ಶನಿವಾರ ಸಂಜೆ ಹಾಲಿನ ಬೂತಿನಲ್ಲಿ ನಿಂತು ಅವನು ಇಡೀ ಓಣಿಗೆ ಕೇಳುವ ಹಾಗೆ ಹೇಳಿದ. "ಗುರುವಾರ ಗ್ಯಾದರಿಂಗಕ್ಕ ಬರ್ರಿ. ಪೂರ್ಣಿಮಾನ ಹೆರಳ ನೋಡ್ರಿ. ಆಮ್ಯಾಲ ಯಾರಿಗೆ ಸಲಹಾ ಬೇಕೋ, ನಮ್ಮ ಮನಿಗೆ ಬರ್ರಿ." ಆಗಿನಿಂದ ಅವನಿಗೆ ಹಿಂದೆ ಸರಿಯಲು ಜಾಗವಿರಲಿಲ್ಲ.

ರವಿವಾರ ಕೂದಲಿನ ದಿನ. ರವಿವಾರಕ್ಕೊಮ್ಮೆ ಬೀಡಿಯಿಂದ ಮನೆಗೆ ಬರುವ ಪ್ರಸಾದ ಆ ವಾರ ಬಂದಿರಲಿಲ್ಲ. ಶಾಲೆಯ ಮಕ್ಕಳನ್ನು ಆಟಕ್ಕೆಂದು ಖಾನಾಪುರಕ್ಕೆ ಕರೆದುಕೊಂಡು ಹೋಗಿದ್ದ. ಗುರುಪುತ್ರಪ್ಪನ ಹೆಂಡತಿ ಅಕ್ಕವ್ವ ಹಂಡೆಗೆ ಉರಿ ಹಾಕಿದಳು. ಹೆರಳು ಬಿಚ್ಚುವುದಕ್ಕೇ ಬೆಳಗು ಹೋಯಿತು. ಬಿಚ್ಚಿದಷ್ಟೂ ಕೂದಲು ಮೇಲೆದ್ದು ನಿಂತಿತು. ಗುರುಪುತ್ರಪ್ಪ ಅಂಗೈಯಿಂದ ಒತ್ತಿದ. ಕೈ ತೆಗೆದ ಕೂಡಲೇ ಅದು ಮತ್ತೆ ಎದ್ದಿತು. ಒಣ ಕೂದಲಿಗೆ ಸೀರಣಿಗೆ ಹಾಕಿದ. ಹೇನು, ಸೀರು ತೆಗೆಯುವ ಆ ಸಣ್ಣ ಹಲ್ಲಿನ ಹಣಿಗೆ ಅಕ್ಕವ್ವನ ತವರಿನದು. ಅದರ ಹಲ್ಲು ಚಟ್ ಚಟ್ ಎಂದು ಉದುರಿದವು.

"ಅಜ್ಜಾ, ನೋಯ್ತೈತಿ."

"ನೋಯೂದು ಕೂದಲಾ ಬೆಳ್ಯಾಕವಾ."

ಮುಂದೆ ಶಾಂಪೂ. ಎಣ್ಣೆಯ ಡಬ್ಬಿ ತೊಳೆಯುವುದರಲ್ಲಿ ಅವನ ಕೈ ಪಳಗಿದ ಕೈ. ಒಳಗೆ ಕೈ ಹಾಕಿ ಗರಗರ ಸುತ್ತಿಸಿ ತಿಕ್ಕಿದರೆ ಎಂಥ ಜಿಡ್ಡೂ ನಿಲ್ಲುತ್ತಿರಲಿಲ್ಲ. ಅದೇ ಕೈಯನ್ನು ಮೊಮ್ಮಗಳ ತಲೆಯ ಮೇಲೆ ಬಲಕ್ಕೊಮ್ಮೆ ಎಡಕ್ಕೊಮ್ಮೆ ಸುತ್ತಿಸಿದ. ಆಮೇಲೆ ಅವನ ಸ್ವಂತ ಸಿದ್ಧಾಂತ ಬಂತು: ಕೂದಲು ಮೇಲೇಳುವುದು ಹಗುರಾಗಿದ್ದಕ್ಕೆ, ಭಾರ ಹಾಕಿದರೆ ಇಳಿಯುತ್ತದೆ. ನೆನೆಸಿ ಅರೆದ ಮೆಂತ್ಯೆಗೆ ಔಡಲ ಎಣ್ಣೆ ಕಲಸಿ, ಗೋಡೆಗೆ ಗಿಲಾಯಿ ಮಾಡುವ ಹಾಗೆ ಮೆತ್ತಿದ. ಮೇಲೆ ಹಸಿ ವಸ್ತ್ರ ಬಿಗಿದು ಕಟ್ಟಿ ಹುಡುಗಿಯನ್ನು ಮಾಳಿಗೆಯ ಬಿಸಿಲಿನಲ್ಲಿ ಕೂರಿಸಿದ.

ಸಂಜೆ ವಸ್ತ್ರ ಬಿಚ್ಚಿದಾಗ ಕೂದಲು ಇಳಿದದ್ದು ಖರೆ. ಇಳಿದು ಅಲ್ಲಿಯೇ ಕೂತುಬಿಟ್ಟಿತ್ತು. ಕತ್ತಿನ ಹಿಂದೆ ಎಲ್ಲ ಸೇರಿ ಒಂದೇ ಮುದ್ದೆ. ಬೆರಳು ತೂರುವಂತಿರಲಿಲ್ಲ. ಬಿಸಿನೀರು ಹೊಯ್ದು ತಿಕ್ಕಿದಷ್ಟೂ ಅದು ಇನ್ನಷ್ಟು ಒಗ್ಗಟ್ಟಾಯಿತು. ಪೂರ್ಣಿಮಾ ಕನ್ನಡಿಯಲ್ಲಿ ನೋಡಿಕೊಂಡಳು.

"ಅಜ್ಜಾ, ಬಾಟಲಿ ಮ್ಯಾಲಿನ ಅಕ್ಕನಂಗ ಆಗಿಲ್ಲ."

"ಆಕೀದೂ ಒಂದ ದಿನದಾಗ ಆಗಿಲ್ಲವಾ. ನಾಳೆ ಸಡ್ಲ ಬಿಡ್ತೈತಿ."

ಸೋಮವಾರ ಬೆಳಿಗ್ಗೆ ನನ್ನ ಹೆಂಡತಿ ಭೀಮಕ್ಕ ಮೊಸರಿನ ಹೆಪ್ಪು ಕೇಳಲು ಅವರ ಮನೆಗೆ ಹೋದಳು. ಅವಳ ಹಿಂದೆ ನಾನೂ ಹೋದೆ. ಹುಡುಗಿ ಬೆನ್ನು ತಿರುಗಿಸಿ ಮೆಟ್ಟಿಲ ಮೇಲೆ ಕೂತಿದ್ದಳು. ಕತ್ತಿನ ಹಿಂದೆ ಆ ಮುದ್ದೆ. ಅದರಿಂದ ಹಳದಿ ಪುಡಿ ಭುಜದ ಮೇಲೆ ಉದುರುತ್ತಿತ್ತು. ಭೀಮಕ್ಕ ಬಟ್ಟಲನ್ನು ನೆಲಕ್ಕಿಟ್ಟು ಎರಡೂ ಕೈ ಮುಗಿದಳು.

"ಅಕ್ಕವ್ವಾ, ಇದು ಯಾವಾಗಿಂದ?"

"ನಿನ್ನಿ ಸಂಜಿಯಿಂದ."

"ತಾನ ಬಂತೇನ?"

ನಮ್ಮ ಕಡೆ ಕೂದಲು ತಾನಾಗಿ ಗಂಟುಕಟ್ಟಿ ಒಂದಾದರೆ ಅದನ್ನು ಜಡಿ ಎನ್ನುತ್ತಾರೆ. ಸವದತ್ತಿ ಗುಡ್ಡದ ಯಲ್ಲವ್ವ ಕರೆದಳು ಎಂದು ಅದರ ಅರ್ಥ. ಜಡಿಗೆ ಹಣಿಗೆ ಮುಟ್ಟಿಸಬಾರದು, ಕತ್ತರಿಯಂತೂ ಕೂಡದು. ಹಿಂದೆ ಇಂಥ ಹೆಣ್ಣುಮಕ್ಕಳಿಗೆ ಗುಡ್ಡದಲ್ಲಿ ಮುತ್ತು ಕಟ್ಟಿ ದೇವಿಯ ಹೆಸರಿನಲ್ಲಿ ಬಿಟ್ಟುಬಿಡುತ್ತಿದ್ದರು. ಮುಂದೆ ಅವರ ಬಾಳು ಏನಾಗುತ್ತಿತ್ತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈಗ ಅದಕ್ಕೆ ಕಾಯಿದೆ ಬಂದಿದೆ, ಬಂದದ್ದು ಒಳ್ಳೆಯದಾಯಿತು. ಭೀಮಕ್ಕನ ಭಕ್ತಿಯಲ್ಲಿ ಅಂಥದ್ದೇನೂ ಇಲ್ಲ. ಪ್ರತಿ ಭಾರತ ಹುಣ್ಣಿಮೆಗೆ ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿ ಟೆಂಪೋ ಮಾಡಿಕೊಂಡು ಗುಡ್ಡಕ್ಕೆ ಹೋಗಿಬರುತ್ತಾಳೆ, ಅಷ್ಟೆ. ಆದರೆ ಜಡಿ ಎಂದರೆ ಜಡಿ.

ಅಕ್ಕವ್ವ ಗಂಡನ ಮುಖ ನೋಡಿದಳು. ಗುರುಪುತ್ರಪ್ಪನ ಮುಂದೆ ಎರಡು ದಾರಿ ಇದ್ದವು. ನಾನೇ ಕೆಡಿಸಿದೆ, ನನಗೆ ಕೂದಲಿನ ಗಂಧ ಗಾಳಿ ಗೊತ್ತಿಲ್ಲ ಎನ್ನಬಹುದಿತ್ತು. ಹಾಲಿನ ಬೂತು ಅವನ ಕಣ್ಣೆದುರು ಬಂದಿರಬೇಕು.

"ತಾನ ಬಂತು," ಅಂದ.

ನಾನು ಬಾಯಿ ತೆಗೆದೆ. ಅವನು ನನ್ನ ಕಾಲು ತುಳಿದ.

ಭೀಮಕ್ಕ ಹುಡುಗಿಯ ಭುಜದಿಂದ ಹಳದಿ ಪುಡಿಯನ್ನು ಚಿಟಿಕೆಯಲ್ಲಿ ತೆಗೆದು ಹಣೆಗಿಟ್ಟುಕೊಂಡಳು. ಗುಡ್ಡದಲ್ಲಿ ದೇವಿಗೆ ತೂರುವ ಅರಿಸಿನಕ್ಕೆ ಭಂಡಾರ ಎನ್ನುತ್ತೇವಲ್ಲ, ಅದೇ ಇದು ಎಂದು ಅವಳಿಗೆ ಸಂಶಯವೇ ಇರಲಿಲ್ಲ. "ಭಂಡಾರ ತಾನ ಉದರಾಕತ್ತೈತಿ ನೋಡ್ರಿ," ಅಂದು ಉಳಿದದ್ದನ್ನು ನಾಲಿಗೆಗೆ ಹಚ್ಚಿಕೊಂಡಳು. ಮುಖ ಹಿಂಡಿತು.

"ಕಹಿ ಐತಿ," ಅಂದಳು ಮೆಲ್ಲಗೆ. "ತಾಯಿ ಸಿಟ್ಟಿನ್ಯಾಗ ಅದಾಳ. ಶುಕ್ರವಾರ ಟೆಂಪೋ ಹೊಂಟೈತಿ. ಕೂಸಿನ್ನ ಗುಡ್ಡಕ್ಕ ಒಯ್ದು ಕಾಲಿಗೆ ಹಾಕಿಸಿಕೊಂಡ ಬರೂಣು. ಹೆಸರರೇ ನೋಡ್ರಿ, ಪೂರ್ಣಿಮಾ. ಹುಣ್ಣಿವೀನ ಕರದೈತಿ."

ಮನೆಗೆ ಬಂದ ಮೇಲೆ ನಾನು ಅವಳಿಗೆ ಗಣಪತಿ ಗಲ್ಲಿಯಿಂದ ಹಿಡಿದು ಮಾಳಿಗೆಯ ತನಕ ಎಲ್ಲ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಲೇ ಕೇಳಿದಳು.

"ಮೆಂತೆ ಹಚ್ಚಿದ್ದು ಅವ್ರ ಖರೇ. ಹಚ್ಚೂ ಬುದ್ಧಿ ಕೊಟ್ಟಾಕಿ ಯಾರು?"

ನಾನು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡೆ.

ಮಧ್ಯಾಹ್ನದೊಳಗೆ ಓಣಿ ತುಂಬಿತು. ತೆಂಗಿನಕಾಯಿ, ಎಲೆಅಡಿಕೆ, ಕುಬಸದ ಕಣ, ಸಕ್ಕರೆ. ಪೂರ್ಣಿಮಾಳನ್ನು ಮಣೆಯ ಮೇಲೆ ಕೂರಿಸಿದರು. ಮೊದಲ ದಿನ ಅವಳಿಗೆ ಖುಷಿಯೇ ಆಯಿತು. ಶಾಲೆಯಿಲ್ಲ, ಸಕ್ಕರೆ ಬೇಕಾದಷ್ಟು. ಹಿಂದಿನ ಓಣಿಯ ದುಂಡಪ್ಪ ಬಂದು ಕೈ ಮುಗಿದು ಕೂತ. ಅವನ ಮಗ ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಿದ್ದ. ಹುಬ್ಬಳ್ಳಿಯಲ್ಲಿ ಬೇರೆ ನೌಕರಿ ಸಿಕ್ಕಿತ್ತು, ಹೋಗಬೇಕೋ ಬಿಡಬೇಕೋ ತಿಳಿಯುತ್ತಿರಲಿಲ್ಲ.

"ತಾಯೀ, ಏನರೇ ಒಂದ ಮಾತ ಆಡು."

ಹುಡುಗಿಯ ಬಾಯಿ ತುಂಬಿತ್ತು. ಕಷ್ಟಪಟ್ಟು ನುಂಗಿ ಹೇಳಿದಳು. "ಸಕ್ರಿ ಸಾಕು."

ದುಂಡಪ್ಪ ಎದ್ದವನೇ ಓಡಿದ. ಮಗ ಅಂದೇ ಕಾರ್ಖಾನೆ ಬಿಟ್ಟ. ಮುಂದೆ ಅವನಿಗೆ ಒಳ್ಳೆಯದೇ ಆಯಿತು, ಆದರೆ ಆಗ ಆ ಸುದ್ದಿ ಹಬ್ಬಿ ನಮಗೆ ಇನ್ನೊಂದು ತೊಂದರೆಯಾಯಿತು. ಮಂಗಳವಾರ ಬಂದ ಜನ ಸೋಮವಾರಕ್ಕಿಂತ ಹೆಚ್ಚು.

ಆದರೆ ಎರಡನೇ ದಿನ ಪೂರ್ಣಿಮಾಗೆ ಬೇಸರ ಬಂತು. "ಅಜ್ಜಾ, ಡಾನ್ಸಿನ ಪ್ರ್ಯಾಕ್ಟೀಸ್ ನಡದೈತಿ. ನಾ ಯಾವಾಗ ಹೋಗೂದು?" ಎಂದು ಕೇಳುತ್ತ ಇದ್ದಳು. ಗುರುಪುತ್ರಪ್ಪ ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಪಡಸಾಲೆಗೆ ತಿರುಗುತ್ತಿದ್ದ. ಮುದ್ದೆ ಗಂಟೆಗೊಮ್ಮೆ ಗಟ್ಟಿಯಾಗುತ್ತಿತ್ತು. ಬಿಡಿಸೋಣವೆಂದರೆ ಹಣಿಗೆ ಮುಟ್ಟಿಸುವಂತಿಲ್ಲ, ಮುಟ್ಟಿಸಬೇಡಿ ಎಂದು ಕಾಯುತ್ತ ಭೀಮಕ್ಕ ಅಲ್ಲೇ ಕೂತಿದ್ದಾಳೆ.

ಸಂಜೆ ಪ್ರಮಿಳಾ ಟೀಚರ್ ಹುಡುಗಿ ಯಾಕೆ ಬರಲಿಲ್ಲವೆಂದು ನೋಡಲು ಬಂದರು. ಮುದ್ದೆ ನೋಡಿ ಅವರ ಮುಖ ಇಳಿಯಿತು.

"ಇದು ಬಿಡೂ ಹಂಗ ಕಾಣೂದಿಲ್ರಿ. ಕತ್ತರಸ್ರಿ. ಇಲ್ಲಾಂದ್ರ ಸ್ಟೇಜ್ ಮ್ಯಾಲ ಹೆಂಗ ನಿಂದ್ರಸ್ಲಿ?"

"ಕತ್ತರಸೂದು?" ಭೀಮಕ್ಕ ಎದ್ದು ನಿಂತಳು. "ಟೀಚರ್, ನೀವು ಓದಿದಾವ್ರು. ಮುಟ್ಟಿದಾವ್ರ ಕೈ ಬಿದ್ದ ಹೋಗ್ತೈತಿ."

ಕತ್ತರಿ ಎಂಬ ಶಬ್ದ ಕೇಳಿದ್ದೇ ಪೂರ್ಣಿಮಾ ಎರಡೂ ಕೈಯಿಂದ ತಲೆ ಹಿಡಿದುಕೊಂಡು ಮಂಚದ ಕೆಳಗೆ ಸೇರಿದಳು. ಅಲ್ಲಿಂದ ಒಂದೇ ಮಾತು ಬರುತ್ತಿತ್ತು. "ನಂದು ಅವ್ವನಂಗ ಅದಾವು. ಕೊಡೂದಿಲ್ಲ." ಅವಳನ್ನು ಹೊರಗೆ ತರಲು ಅಕ್ಕವ್ವನಿಗೆ ಬಹಳ ಹೊತ್ತು ಹಿಡಿಯಿತು. ಗುರುಪುತ್ರಪ್ಪ ಆ ರಾತ್ರಿ ಊಟ ಮಾಡಲಿಲ್ಲ ಎಂದು ಅಕ್ಕವ್ವ ಆಮೇಲೆ ಹೇಳಿದಳು.

ಟೀಚರ್ ಸುಮ್ಮನೆ ಹೋಗಲಿಲ್ಲ, ಶುಕ್ರವಾರದ ಟೆಂಪೋದ ಸುದ್ದಿ ಕೇಳಿಕೊಂಡು ಹೋಗಿ ಸರಕಾರದವರಿಗೆ ಮುಟ್ಟಿಸಿದರು. ಬುಧವಾರ ಮಧ್ಯಾಹ್ನದ ಮೇಲೆ ಓಣಿಗೆ ಒಂದು ಜೀಪು ಬಂತು. ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವುದನ್ನು ತಡೆಯುವ ಕಚೇರಿಯ ತ್ರಿವೇಣಿ ಮೇಡಮ್ ಇಳಿದರು. ಮಾತು ದಕ್ಷಿಣದ ಕಡೆಯದು, ನೇರವಾದದ್ದು.

"ಶುಕ್ರವಾರ ಈ ಮಗುವನ್ನು ಗುಡ್ಡಕ್ಕೆ ಕಳಿಸೋರು ಯಾರು?"

ಇಷ್ಟು ಹೊತ್ತು ತುಂಬಿದ್ದ ಪಡಸಾಲೆಯಲ್ಲಿ ಗುರುಪುತ್ರಪ್ಪನ ಸುತ್ತ ಒಮ್ಮೆಲೇ ಜಾಗ ಖಾಲಿಯಾಯಿತು.

"ಮೇಡಮ್ಮಾರ, ಇದು ಜಡಿ ಅಲ್ರಿ," ಅಂದ ಅವನು, ದನಿ ತಗ್ಗಿಸಿ. "ಮೆಂತೆ."

"ನಾನು ಬಂದ ಮೇಲೆ ಎಲ್ಲರೂ ಏನಾದರೂ ಒಂದು ಹೇಳುತ್ತಾರೆ. ಮೆಂತ್ಯ ಅಂದವರು ನೀವೇ ಮೊದಲು."

ಅವನು ಒಳಗೆ ಓಡಿ ಶಾಂಪೂ ಬಾಟಲಿ, ಔಡಲ ಎಣ್ಣೆ, ಹಲ್ಲುದುರಿದ ಸೀರಣಿಗೆ ಎಲ್ಲ ತಂದು ಸಾಲಾಗಿ ಇಟ್ಟ. ಮೇಡಮ್ ಬಾಟಲಿಯ ಮೇಲಿನ ಗೋಕಾಕವನ್ನು ನೋಡಿದರು, ಟೋಪಿಯ ಅಂಚಿಗೆ ಕಾಣುತ್ತಿದ್ದ ಅವನ ಬೋಳನ್ನು ನೋಡಿದರು.

"ಇದೆಲ್ಲ ಯಾರಿಗೆ?"

ಇಷ್ಟರಲ್ಲಿ ಭೀಮಕ್ಕ ಮುಂದೆ ಬಂದಳು. "ಸಾವಕಾರ, ಸೋಮವಾರ ನನ್ನ ಮುಂದ ತಾನ ಬಂತು ಅಂದ್ರಿ. ಇವತ್ತ ಮೆಂತೆ ಅಂತೀರಿ. ತಾಯಿ ಹೆಸರಲೆ ಊರ ಮಂದಿ ಕಾಯಿ ಒಡಸೀರಿ."

"ಮಗ ನೌಕರಿ ಬಿಟ್ಟಾನ," ಅಂದ ದುಂಡಪ್ಪ ಹಿಂದಿನಿಂದ.

ಮೇಡಮ್ ಕ್ಷೌರಿಕ ಭರಮಣ್ಣನನ್ನು ಕರೆಸಿದರು. ಇಂಥ ಹೆದರಿಕೆಗೆ ಕತ್ತರಿಯೇ ಮದ್ದು ಎಂದು ಎಷ್ಟೋ ಊರುಗಳಲ್ಲಿ ಕಂಡುಕೊಂಡಿದ್ದರು. ಭರಮಣ್ಣ ಬಂದ, ಮುದ್ದೆ ನೋಡಿದ, ಪೆಟ್ಟಿಗೆ ತೆಗೆಯಲೇ ಇಲ್ಲ.

"ಅವ್ವಾರ, ದೇವರು ನಂಗ ಎರಡ ಕೈ ಕೊಟ್ಟಾನ. ಧಂದೆಕ್ಕ ಎರಡೂ ಬೇಕ್ರಿ."

"ಹಾಗಾದರೆ ಯಜಮಾನರೇ, ಇಲ್ಲಿ ಎಲ್ಲರ ಎದುರು ಹೇಳಿ," ಅಂದರು ಮೇಡಮ್. "ಇದನ್ನು ದೇವಿ ಮಾಡಿದ್ದೋ, ನೀವು ಮಾಡಿದ್ದೋ? ದೇವಿ ಮಾಡಿದ್ದಾದರೆ ಕೇಸು. ನೀವು ಮಾಡಿದ್ದಾದರೆ ಕತ್ತರಿ ನಾನೇ ಹಿಡಿಯುತ್ತೇನೆ."

ಕತ್ತರಿಯ ಮಾತಿಗೆ ಮತ್ತೆ ಮಂಚದ ಕೆಳಗೆ ಸೇರಿದ್ದ ಪೂರ್ಣಿಮಾಳ ಎರಡು ಕಣ್ಣು ಅಜ್ಜನನ್ನೇ ನೋಡುತ್ತಿದ್ದವು. ಗುರುಪುತ್ರಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಬೋಳುತಲೆ ಪೂರಾ ಎಲ್ಲರಿಗೂ ಕಂಡಿತು.

"ನಾ ಮಾಡೇನ್ರಿ. ದೇವೀದೇನೂ ಇಲ್ಲ. ನಂಗ ಕೂದಲದ್ದು ಏನೇನೂ ತಿಳಿಯೂದಿಲ್ಲ. ಎಣ್ಣಿ ಅಳದೇನಿ, ಅಷ್ಟ. ಕೇಸ್ ಮಾಡ್ರಿ, ಬೇಕಾದ್ದ ಮಾಡ್ರಿ. ಕೂಸಿನ ಕೂದಲಾ ಕತ್ತರಸಬ್ಯಾಡ್ರಿ."

ನನಗೆ ಅವನು ಗೊತ್ತಿದ್ದದ್ದು ಅರವತ್ತು ವರ್ಷದಿಂದ. ತನಗೆ ತಿಳಿಯದು ಎಂದು ಅವನು ಹೇಳಿದ್ದನ್ನು ಕೇಳಿದ್ದು ಅದೇ ಮೊದಲು.

"ಯಾರ ಕೈಯಾಗ ಕತ್ತರಿ ಐತಿ?"

ಬಾಗಿಲಲ್ಲಿ ಕಾಂತಾ ನಿಂತಿದ್ದಳು. ಬೆಳಿಗ್ಗೆಯೇ ಮೇಡಮ್ ರೈಲ್ವೆಗೆ ಫೋನು ಮಾಡಿದ್ದರಂತೆ. ಸಿಕ್ಕ ಗಾಡಿ ಹತ್ತಿ ಬಂದಿದ್ದಳು, ಹೆಗಲಲ್ಲಿ ಚೀಲ ಹಾಗೇ ಇತ್ತು. ಮಗಳು ಮಂಚದ ಕೆಳಗಿನಿಂದ ಬಂದು ಅವಳ ಕಾಲು ಹಿಡಿದಳು. ಕಾಂತಾ ಮುದ್ದೆಯನ್ನು ಒತ್ತಿ ನೋಡಿದಳು, ಮೂಸಿದಳು.

"ಮಾವಾರ, ಏನೇನ ಹಚ್ಚೀರಿ?"

"ಶಾಂಪೂ. ಮೆಂತೆ. ಔಡಲೆಣ್ಣಿ."

"ಕಂಡೀಷನರ್?"

"ಅದೊಂದ ಬಿಟ್ಟೆ."

"ಅದೊಂದ ಬೇಕಿತ್ರಿ," ಅಂದಳು ಕಾಂತಾ. "ಹೋಗ್ರಿ, ತರ್ರಿ. ಬ್ಯಾರೆ ಏನೂ ತರಬ್ಯಾಡ್ರಿ."

ಗುರುಪುತ್ರಪ್ಪ ಆಟೋ ಹಿಡಿದು ಗಣಪತಿ ಗಲ್ಲಿಗೆ ಓಡಿದ. ಇತ್ತ ಕಾಂತಾ ಮೆಟ್ಟಿಲ ಮೇಲೆ ಕೂತು ಮಗಳನ್ನು ಮೊಣಕಾಲುಗಳ ನಡುವೆ ಎಳೆದುಕೊಂಡಳು. ಭೀಮಕ್ಕ ಅಡ್ಡ ಬಂದಳು.

"ಕಾಂತವ್ವಾ, ಹಣಿಗಿ ಹಚ್ಚಬ್ಯಾಡವಾ. ನಿನ್ನ ಒಳ್ಳೇದಕ್ಕ ಹೇಳ್ತೇನಿ."

"ಹಣಿಗಿ ಮುಟ್ಟಸೂದಿಲ್ಲ, ಭೀಮಕ್ಕಾಯಿ. ಬರೇ ಬೆರಳು. ತಾಯಿ ಕಟ್ಟಿದ್ದಾದ್ರ ನನ್ನ ಬೆರಳಿಗೆ ಬಿಡೂದಿಲ್ಲ. ಮಾವ ಕಟ್ಟಿದ್ದಾದ್ರ ಬಿಡ್ತೈತಿ. ನೀವ ಬಾಜೂಕ ಕುಂತ ನೋಡ್ರಿ."

ಇದು ಭೀಮಕ್ಕನಿಗೆ ನ್ಯಾಯ ಅನ್ನಿಸಿತು. ಬಾಜೂಕ್ಕೆ ಕೂತಳು. ಮೇಡಮ್ಮೂ ಕೂತರು. ಜೀಪಿನ ಡ್ರೈವರ್ ಹಾಸಿಕೊಂಡು ಮಲಗಿದ. ಕಾಂತಾ ಬೆಚ್ಚನೆಯ ಕೊಬ್ಬರಿ ಎಣ್ಣೆಯನ್ನು ಮುದ್ದೆಗೆ ಹನಿಹನಿಯಾಗಿ ಕುಡಿಸಿದಳು. ಗುರುಪುತ್ರಪ್ಪ ಬಾಟಲಿ ತಂದ ಮೇಲೆ ಅದನ್ನೂ ಹಚ್ಚಿ, ನೆನೆಯಲು ಬಿಟ್ಟು, ತುದಿಯ ನಾಲ್ಕು ಎಳೆ ಹಿಡಿದು ಬಿಡಿಸಲು ಶುರು ಮಾಡಿದಳು. ಬಹಳ ಹೊತ್ತು ಏನೂ ಆಗಲಿಲ್ಲ. ಓಣಿಯ ಜನ ಕತ್ತು ಚಾಚಿ ನೋಡಿದರು. ಆಮೇಲೆ ಒಂದು ಸುರುಳಿ ತನ್ನಷ್ಟಕ್ಕೆ ಬಿಚ್ಚಿಕೊಂಡು, ಕೆಳಗಿಳಿದು, ಮತ್ತೆ ಪುಟಿದು ಮೇಲೆ ಹೋಯಿತು.

"ಬಿಡ್ತು," ಅಂದಳು ಭೀಮಕ್ಕ.

ಕಾಂತಾ ಇನ್ನೊಂದು ಎಳೆ ಹಿಡಿದಳು. ದೀಪ ಹಚ್ಚುವ ಹೊತ್ತಿಗೆ ಭೀಮಕ್ಕನ ಬೆರಳುಗಳೂ ಎಣ್ಣೆಯಲ್ಲಿದ್ದವು. ಅವಳು ಕುರಿ ಕಾಯುವಾಗ ಉಣ್ಣೆಯ ಗಂಟು ಬಿಡಿಸಿದವಳಲ್ಲವೇ ಎಂದು ನಾನು ಅಂದೆ. "ಬಾಯಿ ಮುಚ್ರಿ, ಇದು ಕೂಸಿನ ತಲಿ," ಎಂದು ಬೈಸಿಕೊಂಡೆ. ಊಟದ ಹೊತ್ತಿಗೆ ಮುಕ್ಕಾಲು ಬಿಟ್ಟಿತ್ತು. ಮೇಡಮ್ ಹೊರಡುವಾಗ ಗುರುಪುತ್ರಪ್ಪನ ಮುಂದೆ ನಿಂತರು.

"ಕಾನೂನಿನಲ್ಲಿ ಮೆಂತ್ಯಕ್ಕೆ ಶಿಕ್ಷೆ ಇಲ್ಲ," ಅಂದರು. "ಇದ್ದಿದ್ದರೆ ಚೆನ್ನಾಗಿತ್ತು."

ಉಳಿದದ್ದು ಗುರುವಾರ ಬೆಳಿಗ್ಗೆ ಮುಗಿಯಿತು. ಕಾಂತಾ ಎಂದಿನಂತೆ ಸಣ್ಣ ಸಣ್ಣ ಹೆರಳು ಹಾಕಿ, ಒಂದೊಂದರ ತುದಿಗೂ ಕೆಂಪು ರಿಬ್ಬನ್ ಕಟ್ಟಿದಳು. ಗ್ಯಾದರಿಂಗಿನಲ್ಲಿ ಪ್ರಮಿಳಾ ಟೀಚರ್ ನೋಡಿ ಬಾಯಿ ತೆರೆಯುವಷ್ಟರಲ್ಲಿ ಕಾಂತಾಳೇ ಕೇಳಿದಳು.

"ಟೀಚರ್, ಎರಡ ಅಂದಿದ್ರಿ. ನಮ್ಮಾಕೀವು ಥೋಡೆ ಹೆಚ್ಚ ಅದಾವು. ಹೆಚ್ಚ ಇದ್ರ ತಪ್ಪೇನ್ರಿ?"

ಟೀಚರ್ ಯೋಚಿಸಿದರು. ಅಂಥ ನಿಯಮ ಎಲ್ಲೂ ಇರಲಿಲ್ಲ. ಪೂರ್ಣಿಮಾ ಸ್ಟೇಜಿನ ಮೇಲೆ ಗಿರಗಿರ ತಿರುಗಿದಾಗ ಉಳಿದವರ ಹೆರಳು ಬೆನ್ನಿಗೆ ಬಡಿದವು. ಅವಳವು ಗಾಳಿಯಲ್ಲಿ ಎದ್ದು ನಿಂತವು. ಗುರುಪುತ್ರಪ್ಪ ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆದ. ಬಾಜೂಕ್ಕಿದ್ದವರಿಗೆ ಏನೂ ಹೇಳಲಿಲ್ಲ. ನಾನು ಕಾದು ನೋಡಿದೆ, ಖರೆಯೇ ಹೇಳಲಿಲ್ಲ.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಪಡಸಾಲೆಯ ಮೂಲೆಯಲ್ಲಿ ಒಂದು ಚೀಲ ತೆಂಗಿನಕಾಯಿ ಉಳಿದಿತ್ತು.

"ತಾಯಿ ಹೆಸರಲೆ ಬಂದ ಕಾಯಿ ಮನಿಯಾಗ ಇಟ್ಟಕೊಳ್ಳೂ ಹಂಗಿಲ್ಲ," ಅಂದಳು ಭೀಮಕ್ಕ ಸಂಜೆ ಬಂದು. "ಕೂಸು ಬರೂದು ಬ್ಯಾಡ, ಕೂಸಿಂದೇನ ತಪ್ಪಿಲ್ಲ. ತಾನ ಬಂತು ಅಂದ ಬಾಯಿ ಬರ್ಬೇಕು, ತಾಯಿ ಮುಂದ ನಿಂತು ಇಲ್ಲ ಅನಬೇಕು."

"ಭೀಮಕ್ಕಾ, ನಾವು ಬಸವಣ್ಣನವರ ಹಾದಿಯವ್ರು," ಅಂದ ಗುರುಪುತ್ರಪ್ಪ. "ಗುಡ್ಡಕ್ಕ ಹೋಗೂ ರೂಢಿ ನಮ್ಮಲ್ಲಿ ಇಲ್ಲ."

ಮೂರು ದಿನದಿಂದ ಗಂಡನ ಜೊತೆ ಮಾತು ಬಿಟ್ಟಿದ್ದ ಅಕ್ಕವ್ವ ಒಳಗಿನಿಂದ ಹೇಳಿದಳು. "ಸುಳ್ಳ ಹೇಳೂ ರೂಢಿ ಇತ್ತೇನ್ರಿ?"

ಶುಕ್ರವಾರ ಬೆಳಿಗ್ಗೆ ಟೆಂಪೋ ಬಂದು ನಿಂತಿತು. ಹೆಣ್ಣುಮಕ್ಕಳು ಹತ್ತಿದರು. ಗುರುಪುತ್ರಪ್ಪ ತೆಂಗಿನಕಾಯಿಯ ಚೀಲದ ಮೇಲೆ, ಅವರೆಲ್ಲರ ನಡುವೆ ಕೂತ. ಭೀಮಕ್ಕ ಅವನ ಬೋಳುತಲೆಗೆ ಧಾರಾಳವಾಗಿ ಭಂಡಾರ ಹಚ್ಚಿದಳು. ಈ ಸಲ ಖರೆ ಅರಿಸಿನ. ಪೂರ್ಣಿಮಾ ಗೇಟಿನ ಮೇಲೆ ಹತ್ತಿ, ರಿಬ್ಬನ್ನಿನ ಹೆರಳು ಅಲ್ಲಾಡಿಸುತ್ತ ಕೂಗಿದಳು. "ಅಜ್ಜಾ, ತೊಳದ ಮ್ಯಾಲ ಕಂಡೀಷನರ್ ಹಚ್ಚು."

ಟೆಂಪೋ ಚಾಲೂ ಆಯಿತು. ದುಂಡಪ್ಪನ ಹೆಂಡತಿ ಸೆರಗು ಸರಿಸಿ ಮೆಲ್ಲಗೆ ಕೇಳುವುದು ನನಗೆ ಕೇಳಿಸಿತು. "ಸಾವಕಾರ, ನಂದು ಕೂದಲಾ ಭಾಳ ಉದರಾಕತ್ತಾವ್ರಿ. ಏನ ಹಚ್ಚಲಿ?"

ಗುರುಪುತ್ರಪ್ಪ ಭೀಮಕ್ಕನ ಮುಖ ನೋಡಿದ. ರಸ್ತೆ ನೋಡಿದ. ತನ್ನನ್ನು ತಾನು ಹಿಡಿದುಕೊಳ್ಳಲು ಅವನು ಬಹಳ ಪ್ರಯತ್ನ ಪಟ್ಟ, ಅದನ್ನು ನಾನು ಕಣ್ಣಾರೆ ಕಂಡೆ. ಟೆಂಪೋ ಮೂಲೆ ತಿರುಗುವಾಗ ಅವನ ದನಿ ಓಣಿಗೆಲ್ಲ ಕೇಳಿಸಿತು.

"ಉದರೂದು ಅಂದ್ರ, ತಂಗೀ, ಅದಕ್ಕ ಎರಡ ಕಾರಣ ಇರ್ತಾವು."

ಹಾಗೆ ಅವನು ಗುಡ್ಡಕ್ಕೆ ಹೋದ, ಶುಕ್ರವಾರ, ಹುಣ್ಣಿಮೆಯ ಹಿಂದಿನ ದಿನ.